ರೈತ ಉತ್ಪಾದಕ ಸಂಸ್ಥೆಯ ಜಾಲತಾಣಕ್ಕೆ ಖರೀದಿದಾರರನ್ನು ಸೆಳೆಯುವ ಕ್ರಮಗಳು

ಪ್ರಸ್ತಾವನೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಯಾದಗಿರಿ ಜಿಲ್ಲೆಯ ಪ್ರದೇಶದಲ್ಲಿ ತೊಗರಿ, ಹತ್ತಿ, ಭತ್ತ, ಶೇಂಗಾ ಹಾಗೂ ಮೆಣಸಿನಕಾಯಿ ಪ್ರಮುಖ ಬೆಳೆಗಳಾಗಿವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಬೆಳೆಯ ಪ್ರಮಾಣ ಹೆಚ್ಚಿದೆ. ಆದರೆ ಕೊಯ್ಲಿನ ಸಮಯದಲ್ಲಿ ಕೂಲಿ, ಬಾಡಿಗೆ ಮತ್ತು ಸಾಲದ ಕಂತುಗಳು ಒಟ್ಟಿಗೇ ಎದುರಾಗುವುದರಿಂದ, ಮೊದಲು ಬಂದ ವ್ಯಾಪಾರಿಗೆ ಹೇಳಿದ ದರಕ್ಕೆ ಮಾಲು ಕೊಡುವ ಅನಿವಾರ್ಯತೆ ಇಂದಿಗೂ ತಪ್ಪಿಲ್ಲ. ಈ ಸ್ಥಿತಿಯನ್ನು ಬದಲಿಸುವ ಉದ್ದೇಶದಿಂದಲೇ ರೈತ ಉತ್ಪಾದಕ ಸಂಸ್ಥೆಗಳು ರೂಪುಗೊಂಡಿವೆ. 10,000 ರೈತ ಉತ್ಪಾದಕ ಸಂಸ್ಥೆಗಳನ್ನು ರಚಿಸುವ ಕೇಂದ್ರ ಸರ್ಕಾರದ ಯೋಜನೆಗೆ 2020ರ ಫೆಬ್ರುವರಿಯಲ್ಲಿ ಚಾಲನೆ ದೊರೆತ ನಂತರ ಅನೇಕ ಸಂಸ್ಥೆಗಳು ತಮ್ಮದೇ ಜಾಲತಾಣಗಳನ್ನು ತೆರೆಯಲು ಮುಂದಾಗಿವೆ.

ಜಾಲತಾಣ ತೆರೆಯುವುದು ಸುಲಭ. ಅದನ್ನು ನೋಡಲು ಜನರು ಬರುವಂತೆ ಮಾಡುವುದೇ ನಿಜವಾದ ಕೆಲಸ. ಉದ್ಘಾಟನೆಯ ದಿನದ ಭಾವಚಿತ್ರ ಮತ್ತು ಅಧ್ಯಕ್ಷರ ಸಂದೇಶವಷ್ಟೇ ಇರುವ ತಾಣವು ಹೊಲದ ಬದುವಿನಲ್ಲಿ ನಿಲ್ಲಿಸಿ ಮರೆತ ಫಲಕದಂತೆ. ಖರೀದಿದಾರನು ತನಗೆ ಬೇಕಾದ ಮಾಲನ್ನು ತನ್ನ ಮಾತಿನಲ್ಲಿ ಹುಡುಕುವಾಗ, ಅವನಿಗೆ ಬೇಕಾದ ಕಾಲದಲ್ಲಿ, ನಂಬಬಹುದಾದ ಉತ್ತರ ನಿಮ್ಮ ಪುಟದಲ್ಲಿ ಸಿಗಬೇಕು. ಪ್ರಚಾರದ ಉಳಿದೆಲ್ಲ ಕ್ರಮಗಳೂ ಇದರ ನಂತರದವು. ಕೊಂಕಲ್ ಹೋಬಳಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಯಾರು ಬರಬೇಕೆಂಬುದನ್ನು ಮೊದಲು ನಿರ್ಧರಿಸಿ

ಎಲ್ಲರನ್ನೂ ಕರೆಯುವ ತಾಣಕ್ಕೆ ಯಾರೂ ಬರುವುದಿಲ್ಲ. ನಿಮ್ಮ ಸಂಸ್ಥೆಯ ಮಾಲನ್ನು ಕೊಳ್ಳಬಲ್ಲವರು ಯಾರೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಪಟ್ಟಿ ಮಾಡಿ. ತೊಗರಿಗೆ ಕಲಬುರಗಿ, ಲಾತೂರು, ಸೊಲ್ಲಾಪುರಗಳ ಬೇಳೆ ಮಿಲ್ಲುಗಳು; ಭತ್ತಕ್ಕೆ ರಾಯಚೂರು ಭಾಗದ ಮತ್ತು ತೆಲಂಗಾಣದ ಅಕ್ಕಿ ಗಿರಣಿಗಳು; ಸಿದ್ಧಪಡಿಸಿದ ಬೇಳೆಗೆ ಬೆಂಗಳೂರು, ಹೈದರಾಬಾದ್ ನಗರಗಳ ಅಂಗಡಿಗಳು ಮತ್ತು ಕುಟುಂಬಗಳು. ಮಿಲ್ಲಿನವರಿಗೆ ಬೇಕಾದದ್ದು ಲಾರಿ ಲೋಡು, ತೇವಾಂಶ ಮತ್ತು ತಲುಪುವ ದಿನಾಂಕ. ಮನೆಯವರಿಗೆ ಬೇಕಾದದ್ದು ಒಂದು ಅಥವಾ ಐದು ಕಿಲೋ ಪ್ಯಾಕೆಟ್, ಬೇಳೆ ಬೇಯುವ ಗುಣ ಮತ್ತು ಸಾಗಣೆ ವೆಚ್ಚ. ಈ ಎರಡೂ ವರ್ಗಗಳಿಗೆ ಒಂದೇ ಪುಟ ಸಾಲದು. ಸಗಟು ಖರೀದಿಗೆ ಒಂದು ಪುಟ, ಚಿಲ್ಲರೆ ಖರೀದಿಗೆ ಇನ್ನೊಂದು ಪುಟವನ್ನು ಪ್ರತ್ಯೇಕವಾಗಿ ರೂಪಿಸಿ.

2. ತಾಣದ ವಿಳಾಸವು ಸಂಸ್ಥೆಯ ಸ್ವತ್ತಾಗಿರಲಿ

ಜಾಲತಾಣದ ವಿಳಾಸವನ್ನು, ಅಂದರೆ ಡೊಮೇನ್ ಹೆಸರನ್ನು, ಸಂಸ್ಥೆಯ ಹೆಸರಿನಲ್ಲಿಯೇ ನೋಂದಾಯಿಸಬೇಕು. ತಾಣ ನಿರ್ಮಿಸಿಕೊಟ್ಟವರ ಅಥವಾ ಸಿಬ್ಬಂದಿಯೊಬ್ಬರ ಸ್ವಂತ ಹೆಸರಿನಲ್ಲಿ ನೋಂದಣಿಯಾಗಿದ್ದರೆ, ಅವರು ದೂರವಾದ ದಿನ ತಾಣವೂ ಕೈತಪ್ಪುತ್ತದೆ. ಇದು ಪಹಣಿ ಬೇರೆಯವರ ಹೆಸರಿನಲ್ಲಿರುವ ಹೊಲದಲ್ಲಿ ಬಾವಿ ತೋಡಿದಂತೆ. ಪ್ರವೇಶ ಪದಗಳನ್ನು ಸಂಸ್ಥೆಯ ದಾಖಲೆಯಲ್ಲಿ ಸುರಕ್ಷಿತವಾಗಿಡಿ. ನವೀಕರಣದ ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಅವಧಿ ಮುಗಿದ ವಿಳಾಸವನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು.

ಉಚಿತವಾಗಿ ದೊರೆಯುವ ತಾಣಗಳ ಮೇಲೆ ಪೂರ್ಣವಾಗಿ ಅವಲಂಬಿಸುವುದೂ ಸೂಕ್ತವಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಮೂಲಕ ಸಣ್ಣ ವ್ಯಾಪಾರಿಗಳು ರೂಪಿಸಿಕೊಂಡಿದ್ದ ಉಚಿತ ಜಾಲತಾಣಗಳನ್ನು ಆ ಕಂಪನಿಯು 2024ರ ಮಾರ್ಚ್‌ನಲ್ಲಿ ಸ್ಥಗಿತಗೊಳಿಸಿತು. ಸ್ವಂತ ವಿಳಾಸವಿದ್ದವರಿಗೆ ಇದರಿಂದ ತೊಂದರೆಯಾಗಲಿಲ್ಲ. ವಿಳಾಸವು ಚಿಕ್ಕದಾಗಿರಲಿ, ದೂರವಾಣಿಯಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ.

3. ಹುಡುಕುವವರ ಪದಗಳನ್ನೇ ಬಳಸಿ

ಶೋಧಯಂತ್ರವು ಹುಡುಕುವವರು ಬರೆದ ಪದಗಳನ್ನೂ ಅವುಗಳ ಆಶಯವನ್ನೂ ಪುಟದಲ್ಲಿರುವ ಬರಹದೊಂದಿಗೆ ಹೋಲಿಸಿ ಫಲಿತಾಂಶ ಕೊಡುತ್ತದೆ. ಆದುದರಿಂದ ಖರೀದಿದಾರರು ಯಾವ ಪದ ಬಳಸುವರೆಂದು ತಿಳಿಯುವುದು ಅಗತ್ಯ.

• ನಮ್ಮ ಭಾಗದಲ್ಲಿ ಶೇಂಗಾ ಎಂದರೆ ದಕ್ಷಿಣ ಕರ್ನಾಟಕದಲ್ಲಿ ಕಡಲೆಕಾಯಿ ಎನ್ನುವರು. ಭತ್ತವನ್ನು ಹಲವರು ನೆಲ್ಲು ಎಂದು ಕರೆಯುವರು.
• ತೊಗರಿಯನ್ನು ಹಿಂದಿ ಬಲ್ಲವರು ತೂರ್ ಅಥವಾ ಅರ್ಹರ್ ಎಂದು, ತೆಲುಗರು ಕಂದಿ ಎಂದು ಹುಡುಕುವರು. ಗಡಿಯಾಚೆಯ ಖರೀದಿದಾರರಿಗಾಗಿ ಹಿಂದಿ, ತೆಲುಗು, ಮರಾಠಿ ಅಥವಾ ಇಂಗ್ಲಿಷ್‌ನಲ್ಲಿ ಕನಿಷ್ಠ ಒಂದೊಂದು ಪುಟವನ್ನು ಆ ಭಾಷೆ ಬಲ್ಲವರಿಂದ ಬರೆಸಿ. ಯಂತ್ರಾನುವಾದವನ್ನು ತಿದ್ದದೆ ಹಾಕಬೇಡಿ.
• ತಳಿಯ ಹೆಸರನ್ನು ತಪ್ಪದೇ ನಮೂದಿಸಿ. ಕೇವಲ ‘ಉತ್ತಮ ಗುಣಮಟ್ಟದ ತೊಗರಿ’ ಎಂದು ಯಾರೂ ಹುಡುಕುವುದಿಲ್ಲ. ‘ಟಿಎಸ್-3ಆರ್ ತೊಗರಿ, ಯಾದಗಿರಿ’ ಎಂದು ಹುಡುಕುವ ಮಿಲ್ಲಿನವರು ಇದ್ದಾರೆ. ಭತ್ತದಲ್ಲಿ ಬಿಪಿಟಿ-5204, ಆರ್‌ಎನ್‌ಆರ್-15048 ಎಂಬ ಹೆಸರುಗಳೂ ಹಾಗೆಯೇ.

ಒಂದೇ ಪದವನ್ನು ಹತ್ತಾರು ಬಾರಿ ತುರುಕುವುದರಿಂದ ಪ್ರಯೋಜನವಿಲ್ಲ. ಅದನ್ನು ಶೋಧಯಂತ್ರಗಳು ದೋಷವೆಂದೇ ಪರಿಗಣಿಸುತ್ತವೆ. ಪುಟದ ಹಿಂಬದಿಯಲ್ಲಿ ಅಡಗಿಸಿಡುವ ‘ಕೀವರ್ಡ್’ ಪಟ್ಟಿಯನ್ನು ಶ್ರೇಣಿ ನಿರ್ಧರಿಸಲು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿದೆ. ಆ ಕೆಲಸಕ್ಕೆಂದು ಇಂದಿಗೂ ಶುಲ್ಕ ಕೇಳುವವರಿದ್ದರೆ ಕೊಡಬೇಡಿ. ಅದರ ಬದಲು ಪುಟದ ಶೀರ್ಷಿಕೆಯಲ್ಲಿ ಬೆಳೆ, ತಳಿ ಮತ್ತು ಸ್ಥಳ ಈ ಮೂರೂ ಇರುವಂತೆ ನೋಡಿಕೊಳ್ಳಿ. ಎರಡು ಪದಗಳಲ್ಲಿ ಯಾವುದನ್ನು ಜನ ಹೆಚ್ಚು ಹುಡುಕುವರೆಂದು ತಿಳಿಯಲು ಗೂಗಲ್ ಟ್ರೆಂಡ್ಸ್ ಎಂಬ ಉಚಿತ ಸೌಲಭ್ಯವಿದೆ.

4. ಊರಿನ ಹೆಸರು ಗೊಂದಲಕ್ಕೆ ಎಡೆಯಾಗದಿರಲಿ

ಕೊಂಕಲ್ ಹಿಂದೆ ಶಹಾಪುರ ತಾಲ್ಲೂಕಿನಲ್ಲಿದ್ದು ಈಗ ವಡಗೇರಾ ತಾಲ್ಲೂಕಿಗೆ ಸೇರಿದೆ. ಹಳೆಯ ದಾಖಲೆಗಳಲ್ಲಿ ಶಹಾಪುರವೆಂದೇ ಇರುವುದರಿಂದ ಎರಡನ್ನೂ ಪುಟದಲ್ಲಿ ಒಂದು ವಾಕ್ಯದಲ್ಲಿ ತಿಳಿಸುವುದು ಒಳ್ಳೆಯದು. ಬೆಳಗಾವಿ ನಗರದಲ್ಲಿಯೂ ಒಂದು ಶಹಾಪುರವಿದೆ. ಜಿಲ್ಲೆಯ ಹೆಸರಿಲ್ಲದಿದ್ದರೆ ನಿಮ್ಮನ್ನು ಹುಡುಕಿದವರು ಅಲ್ಲಿಗೆ ಹೋಗಿ ನಿಲ್ಲುವರು. ಸುರಪುರವನ್ನು ಶೋರಾಪುರವೆಂದೂ, ಯಾದಗಿರಿಯನ್ನು ಯಾದಗಿರ್ ಎಂದೂ ಬರೆಯುವವರಿದ್ದಾರೆ. ಗುಲ್ಬರ್ಗಾ 2014ರ ನವೆಂಬರ್ 1ರಿಂದ ಕಲಬುರಗಿಯಾದರೂ ಹಳೆಯ ಹೆಸರಿನಲ್ಲಿ ಹುಡುಕುವುದು ನಿಂತಿಲ್ಲ. ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್ ಎಲ್ಲವನ್ನೂ ಪ್ರತಿ ಪುಟದ ಕೊನೆಯಲ್ಲಿ ಕೊಡಿ. ಗೋದಾಮಿನ ಸ್ಥಳವನ್ನು ಗೂಗಲ್ ನಕ್ಷೆಯಲ್ಲಿ ಬಿಸಿನೆಸ್ ಪ್ರೊಫೈಲ್ ಮೂಲಕ ಗುರುತಿಸಿ, ಇದು ಉಚಿತ. ಲಾರಿ ಚಾಲಕನಿಗೂ ಇದೇ ದಾರಿದೀಪ.

5. ಅಕ್ಷರ ಯೂನಿಕೋಡ್‌ನಲ್ಲಿರಲಿ, ಪುಟ ಹಗುರವಾಗಿರಲಿ

ಕನ್ನಡ ತಾಣಗಳು ಶೋಧಕ್ಕೆ ಸಿಗದಿರಲು ಮುಖ್ಯ ಕಾರಣವೊಂದಿದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಬರಹವು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಶೋಧಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ಸಾಲು. ಹಾಗೆಯೇ ದರಪಟ್ಟಿಯನ್ನು ಭಾವಚಿತ್ರವಾಗಿ ಅಥವಾ ಕರಪತ್ರವನ್ನು ಸ್ಕ್ಯಾನ್ ಮಾಡಿ ಹಾಕಿದರೆ ಅದರೊಳಗಿನ ಪದಗಳು ಶೋಧಕ್ಕೆ ಸಿಗುತ್ತವೆಂಬ ಭರವಸೆ ಇಲ್ಲ. ಪರೀಕ್ಷಿಸುವ ವಿಧಾನ ಸರಳ: ಪುಟದ ಒಂದು ಸಾಲನ್ನು ನಕಲಿಸಿ ವಾಟ್ಸ್ಆಪ್‌ನಲ್ಲಿ ಅಂಟಿಸಿ. ಅಲ್ಲಿಯೂ ಕನ್ನಡವೇ ಕಂಡರೆ ಸರಿ. ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ.

ಬಹುಪಾಲು ಜನರು ತಾಣವನ್ನು ಮೊಬೈಲ್‌ನಲ್ಲಿಯೇ ನೋಡುವರು. ಕ್ಯಾಮೆರಾದಿಂದ ಬಂದ ದೊಡ್ಡ ಚಿತ್ರಗಳನ್ನು ಹಾಗೆಯೇ ಏರಿಸದೆ, ಪ್ರತಿ ಚಿತ್ರವನ್ನು ಸುಮಾರು 200 ಕೆಬಿಗಿಂತ ಕಡಿಮೆ ಮಾಡಿ ಹಾಕಿ. ದುರ್ಬಲ ಸಿಗ್ನಲ್ ಇರುವ ಹಳ್ಳಿಯಲ್ಲಿ ನಿಂತು ನಿಮ್ಮ ತಾಣವನ್ನು ನೀವೇ ತೆರೆದು ನೋಡಿ. ದೂರವಾಣಿ ಸಂಖ್ಯೆಯನ್ನು ಒತ್ತಿದೊಡನೆ ಕರೆ ಹೋಗುವಂತಿರಬೇಕು.

6. ಪುಟದಲ್ಲಿ ಇರಲೇಬೇಕಾದ ಮಾಹಿತಿ

ಬಂದವರು ಉಳಿಯುವುದು ಮಾಹಿತಿಯಿಂದ. ಪ್ರತಿ ಉತ್ಪನ್ನದ ಪುಟದಲ್ಲಿ ಈ ಕೆಳಗಿನವು ಇರಲಿ:

• ಬೆಳೆ, ತಳಿ ಮತ್ತು ಬೆಳೆದ ಗ್ರಾಮಗಳು
• ಲಭ್ಯವಿರುವ ಪ್ರಮಾಣ ಕ್ವಿಂಟಾಲ್‌ಗಳಲ್ಲಿ, ಹಾಗೂ ಕೊಯ್ಲಿನ ಅಂದಾಜು ದಿನಾಂಕ
• ತೇವಾಂಶ. ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಗೆ ಶೇ. 12 ಹಾಗೂ ಭತ್ತಕ್ಕೆ ಶೇ. 17 ಗರಿಷ್ಠ ಮಿತಿ. ಖಾಸಗಿ ಖರೀದಿದಾರರೂ ಮೊದಲು ಕೇಳುವುದು ಇದನ್ನೇ
• ಕಸ, ಕಲ್ಲು, ಒಡೆದ ಕಾಳುಗಳ ಪ್ರಮಾಣ
• ಹಗಲು ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆ ತೆಗೆದ ಈ ವರ್ಷದ ಮಾಲಿನ ಚಿತ್ರ
• ಲೋಡಿಂಗ್ ಸ್ಥಳ, ತೂಕದ ವ್ಯವಸ್ಥೆ, ಹಣ ಪಾವತಿಯ ಷರತ್ತು
• ಮಾಹಿತಿ ಪರಿಷ್ಕರಿಸಿದ ದಿನಾಂಕ ಮತ್ತು ಕರೆ ಸ್ವೀಕರಿಸುವ ವೇಳೆ

ಕೊನೆಯ ಅಂಶಕ್ಕೆ ವಿಶೇಷ ಗಮನ ಅಗತ್ಯ. ಎರಡು ವರ್ಷ ಹಿಂದಿನ ದರವಿರುವ ಪುಟವನ್ನು ನೋಡಿದ ಖರೀದಿದಾರನು ಮತ್ತೆ ತಿರುಗಿ ಬರುವುದಿಲ್ಲ. ದರವನ್ನು ಪ್ರತಿದಿನ ಬದಲಿಸಲು ಆಗದಿದ್ದರೆ ‘ದರಕ್ಕಾಗಿ ಕರೆ ಮಾಡಿ’ ಎಂದು ಬರೆಯುವುದೇ ಲೇಸು. ಮಾರುಕಟ್ಟೆ ದರಕ್ಕಾಗಿ ರಾಜ್ಯದ ಕೃಷಿ ಮಾರಾಟ ವಾಹಿನಿ ತಾಣಕ್ಕೆ ಕೊಂಡಿ ಕೊಡಬಹುದು. ಮಾಲು ಖಾಲಿಯಾದ ದಿನವೇ ‘ಖಾಲಿಯಾಗಿದೆ, ಮುಂದಿನ ಕೊಯ್ಲು ಇಂಥ ತಿಂಗಳು’ ಎಂದು ತಿಳಿಸಿ.

7. ಹಂಗಾಮಿಗೆ ಮುಂಚೆ ಪುಟ ಸಿದ್ಧವಿರಲಿ

ಹೊಸ ಪುಟವು ಶೋಧಯಂತ್ರದ ಗಮನಕ್ಕೆ ಬರಲು ಕೆಲವು ದಿನಗಳಿಂದ ಹಲವು ವಾರಗಳವರೆಗೆ ಬೇಕಾಗಬಹುದು. ಕಾಳು ಕಣಕ್ಕೆ ಬಂದ ಮೇಲೆ ಪುಟ ಬರೆದರೆ, ಅದು ಜನರಿಗೆ ಕಾಣುವ ಹೊತ್ತಿಗೆ ಮಾಲು ಹೋಗಿರುತ್ತದೆ. ಆದುದರಿಂದ ಕೊಯ್ಲಿಗೆ ಕನಿಷ್ಠ ಎರಡು ತಿಂಗಳು ಮೊದಲು ಪುಟವನ್ನು ಪ್ರಕಟಿಸಿ.

• ಮುಂಗಾರು ಭತ್ತ: ಕೊಯ್ಲು ನವೆಂಬರ್–ಡಿಸೆಂಬರ್, ಪುಟ ಸೆಪ್ಟೆಂಬರ್‌ನಲ್ಲಿ
• ತೊಗರಿ: ಕೊಯ್ಲು ಡಿಸೆಂಬರ್–ಜನವರಿ, ಪುಟ ಅಕ್ಟೋಬರ್‌ನಲ್ಲಿ
• ಒಣ ಮೆಣಸಿನಕಾಯಿ: ಕೊಯ್ಲು ಜನವರಿ–ಮಾರ್ಚ್, ಪುಟ ನವೆಂಬರ್‌ನಲ್ಲಿ
• ಹಿಂಗಾರು ಶೇಂಗಾ: ಕೊಯ್ಲು ಫೆಬ್ರುವರಿ–ಮಾರ್ಚ್, ಪುಟ ಡಿಸೆಂಬರ್‌ನಲ್ಲಿ

ಪ್ರತಿ ವರ್ಷ ಹೊಸ ಪುಟ ತೆರೆಯದೆ ಅದೇ ಪುಟವನ್ನು ಪರಿಷ್ಕರಿಸಿ. ಹಳೆಯ ಪುಟಕ್ಕೆ ಬೇರೆಯವರು ಕೊಟ್ಟ ಕೊಂಡಿಗಳು ಉಳಿದು, ಅದರ ಮೌಲ್ಯ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಬಿತ್ತನೆಯ ಚಿತ್ರ, ಹೂವಾಡುವ ಹಂತದ ಚಿತ್ರಗಳನ್ನು ದಿನಾಂಕ ಸಹಿತ ಸೇರಿಸುತ್ತಾ ಹೋದರೆ, ಮಾಲು ಎಲ್ಲಿಂದ ಬಂತೆಂದು ಕೇಳುವ ಖರೀದಿದಾರನಿಗೆ ಅದೇ ಸಾಕ್ಷಿ.

8. ಖರ್ಚಿಲ್ಲದ ಪ್ರಚಾರ ಮಾರ್ಗಗಳು

ಚೀಲ ಮತ್ತು ಬಿಲ್ಲು: ಪ್ರತಿ ಚೀಲದ ಮೇಲೆ, ಪ್ರತಿ ರಸೀದಿಯ ಮೇಲೆ ತಾಣದ ವಿಳಾಸ ಮತ್ತು ಕ್ಯೂಆರ್ ಕೋಡ್ ಮುದ್ರಿಸಿ. ಈಗಾಗಲೇ ಕೊಂಡವರು ಎರಡನೇ ಬಾರಿ ಬರುವುದೇ ಎಲ್ಲಕ್ಕಿಂತ ಅಗ್ಗದ ಪ್ರಚಾರ.

ವಾಟ್ಸ್ಆಪ್: ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಮ್ಮೆಗೆ 256 ಜನರಿಗೆ ಸಂದೇಶ ಕಳಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಸಂದೇಶದಲ್ಲಿ ಎಲ್ಲವನ್ನೂ ತುಂಬದೆ ಎರಡು ಸಾಲು ಬರೆದು ಪುಟದ ಕೊಂಡಿ ಕೊಡಿ. ವಾರಕ್ಕೊಂದಕ್ಕಿಂತ ಹೆಚ್ಚು ಕಳಿಸಿದರೆ ಜನ ಓದುವುದನ್ನೇ ಬಿಡುವರು.

ಜಾತ್ರೆ ಮತ್ತು ಮೇಳ: ಸಂಕ್ರಾಂತಿಯ ಮೈಲಾಪುರ ಮೈಲಾರಲಿಂಗೇಶ್ವರ ಜಾತ್ರೆ, ತಿಂಥಣಿ ಮೌನೇಶ್ವರ ಜಾತ್ರೆ, ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಮೇಳಗಳಲ್ಲಿ ಮಳಿಗೆ ಹಾಕಿದಾಗ ದೊಡ್ಡ ಕ್ಯೂಆರ್ ಫಲಕವಿರಲಿ. ಮಾದರಿ ಕಾಳನ್ನು ಕೈಗೆ ಕೊಟ್ಟು ವಿಳಾಸ ಹೇಳಿದರೆ ನೆನಪಿನಲ್ಲಿ ಉಳಿಯುತ್ತದೆ.

ಇತರ ತಾಣಗಳಿಂದ ಕೊಂಡಿ: ನಂಬಿಕೆಯುಳ್ಳ ತಾಣಗಳು ನಿಮ್ಮ ಪುಟಕ್ಕೆ ಕೊಂಡಿ ಕೊಟ್ಟರೆ ಶೋಧಯಂತ್ರವು ನಿಮ್ಮನ್ನೂ ನಂಬುತ್ತದೆ. ಸಂಸ್ಥೆಗೆ ನೆರವು ನೀಡುವ ಇಲಾಖೆ, ಬ್ಯಾಂಕ್, ಕೃಷಿ ವಿಜ್ಞಾನ ಕೇಂದ್ರಗಳನ್ನು ಈ ಬಗ್ಗೆ ವಿನಂತಿಸಿ. ಕೊಂಡಿಗಳನ್ನು ಹಣಕ್ಕೆ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ತಾಣವು ಫಲಿತಾಂಶಗಳಿಂದಲೇ ಹೊರಬೀಳುವ ಅಪಾಯವಿದೆ.

ಮಾರಾಟ ವೇದಿಕೆಗಳು: 2014ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆ, 2016ರ ಏಪ್ರಿಲ್ 14ರಂದು ಆರಂಭವಾದ ಇ-ನಾಮ್ ಹಾಗೂ ಓಎನ್‌ಡಿಸಿ ಜಾಲಗಳು ಖರೀದಿದಾರರು ಈಗಾಗಲೇ ಸೇರಿರುವ ಸಂತೆಗಳು. ಅವುಗಳಲ್ಲಿ ನೋಂದಾಯಿಸಿಕೊಂಡು, ನಿಮ್ಮ ತಾಣವನ್ನು ಪೂರ್ಣ ವಿವರ ಕೊಡುವ ಸ್ಥಳವಾಗಿ ಬಳಸಿ. ಒಂದು ಇನ್ನೊಂದಕ್ಕೆ ಬದಲಿಯಲ್ಲ.

9. ಹಣ ಕೊಟ್ಟು ಜಾಹೀರಾತು ನೀಡುವಾಗ

ಅಂತರಜಾಲದ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಪ್ರತಿ ಕ್ಲಿಕ್‌ಗೆ ಹಣ ಕೊಡಬೇಕಾಗುತ್ತದೆ. ದಿನದ ಗರಿಷ್ಠ ಮೊತ್ತ, ಜಾಹೀರಾತು ಕಾಣಬೇಕಾದ ನಗರಗಳು ಮತ್ತು ಮುಕ್ತಾಯ ದಿನಾಂಕವನ್ನು ಮೊದಲೇ ನಿಗದಿಪಡಿಸಿ. ಇಡೀ ದೇಶಕ್ಕೆ ತೋರಿಸುವುದಕ್ಕಿಂತ ಮಿಲ್ಲುಗಳಿರುವ ಎರಡು–ಮೂರು ನಗರಗಳಿಗೆ ಮಾತ್ರ ತೋರಿಸಿ.

ಲೆಕ್ಕ ಹೀಗಿರಲಿ. ಉದಾಹರಣೆಗೆ 4,000 ರೂಪಾಯಿ ಖರ್ಚಿಗೆ 1,000 ಜನ ಬಂದು, 20 ಜನ ಕರೆ ಮಾಡಿ, ಇಬ್ಬರು ಕೊಂಡರು ಎಂದಿಟ್ಟುಕೊಳ್ಳಿ. ಒಬ್ಬ ಖರೀದಿದಾರನಿಗೆ ತಗಲಿದ ವೆಚ್ಚ 2,000 ರೂಪಾಯಿ. ಆತ ಒಂದು ಲೋಡು ಕೊಂಡು, ಕ್ವಿಂಟಾಲ್‌ಗೆ 50 ರೂಪಾಯಿಯಷ್ಟು ಹೆಚ್ಚು ದರ ಕೊಟ್ಟು, ಲೋಡಿನಲ್ಲಿ 100 ಕ್ವಿಂಟಾಲ್ ಇದ್ದರೆ ಬಂದ ಹೆಚ್ಚುವರಿ ಹಣ 5,000 ರೂಪಾಯಿ, ಖರ್ಚು ಸಾರ್ಥಕ. ಆತ ಐದು ಕಿಲೋ ಬೇಳೆ ಮಾತ್ರ ಕೊಂಡಿದ್ದರೆ ಅದೇ ಜಾಹೀರಾತು ನಷ್ಟ. ಚಿಲ್ಲರೆ ಮಾರಾಟಕ್ಕೆ ಜಾಹೀರಾತಿಗಿಂತ ಬಾಯಿಮಾತೇ ಸೂಕ್ತ.

‘ಮೊದಲ ಪುಟದಲ್ಲಿ ಮೊದಲ ಸ್ಥಾನ ಖಚಿತ’ ಎಂದು ಭರವಸೆ ನೀಡುವ ಏಜೆನ್ಸಿಗಳಿಂದ ದೂರವಿರಿ. ಅಂಥ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ಸ್ವತಃ ತಿಳಿಸಿದೆ. ಷೇರುದಾರ ರೈತರ ಹಣವನ್ನು ಇಂಥದ್ದಕ್ಕೆ ವ್ಯಯಿಸುವ ಮೊದಲು ಸಭೆಯಲ್ಲಿ ಚರ್ಚಿಸಿ ನಿರ್ಣಯ ಕೈಗೊಳ್ಳಬೇಕು.

10. ಏನನ್ನು ಎಣಿಸಬೇಕು

ಭೇಟಿಗಳ ಸಂಖ್ಯೆ ಎಷ್ಟೇ ದೊಡ್ಡದಾಗಿದ್ದರೂ ಅದರಿಂದ ಚೀಲ ಖಾಲಿಯಾಗುವುದಿಲ್ಲ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನವು ಜನರು ಯಾವ ಪದ ಬರೆದು ನಿಮ್ಮ ಪುಟಕ್ಕೆ ಬಂದರೆಂದು ತೋರಿಸುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಿ, ಜನ ಕೇಳಿದ್ದಕ್ಕೆ ಪುಟದಲ್ಲಿ ಉತ್ತರವಿಲ್ಲದಿದ್ದರೆ ಸೇರಿಸಿ. ಇದರ ಜೊತೆಗೆ ಕಚೇರಿಯಲ್ಲಿ ಒಂದು ವಹಿ ಇಡಿ. ಕರೆ ಮಾಡಿದ ಪ್ರತಿಯೊಬ್ಬರನ್ನೂ ‘ನಮ್ಮ ವಿಷಯ ನಿಮಗೆ ಹೇಗೆ ತಿಳಿಯಿತು?’ ಎಂದು ಕೇಳಿ ಬರೆದುಕೊಳ್ಳಿ. ತಾಣದಿಂದ ಬಂದ ಕರೆಗಳು, ಮಾರಾಟವಾದ ಕ್ವಿಂಟಾಲ್‌ಗಳು, ಆ ದಿನದ ಮಾರುಕಟ್ಟೆ ದರಕ್ಕಿಂತ ದೊರೆತ ಹೆಚ್ಚುವರಿ ಬೆಲೆ, ಈ ಮೂರು ಅಂಕಣಗಳು ಸಾಕು.

11. ವಿಸ್ತರಣಾ ಕಾರ್ಯಕರ್ತರಿಗೆ

ಸಲಹಾ ಪುಟಗಳಿಗೆ ರೈತರನ್ನು ಸೆಳೆಯಲೂ ಇದೇ ತತ್ವ ಅನ್ವಯಿಸುತ್ತದೆ. ನಾವು ‘ಸೊರಗು ರೋಗ’ ಎಂದು ಬರೆಯುತ್ತೇವೆ; ತೊಗರಿ ಒಣಗುತ್ತಿರುವುದನ್ನು ಕಂಡ ಈ ಭಾಗದ ರೈತರು ‘ನೆಟೆ ರೋಗ’ ಎಂದು ಹುಡುಕುವರು. ಬಂಜೆ ರೋಗವನ್ನು ‘ಗೊಡ್ಡು ರೋಗ’ ಎನ್ನುವರು. ಎರಡೂ ಹೆಸರುಗಳನ್ನು ಶೀರ್ಷಿಕೆಯಲ್ಲಿಯೇ ಕೊಡಿ. ಗಿಡ ಒಣಗುತ್ತಿರುವಾಗ ಓದುವವರಿಗೆ ರೋಗದ ಇತಿಹಾಸ ಬೇಡ. ಮೊದಲ ಎರಡು ವಾಕ್ಯಗಳಲ್ಲಿ ಲಕ್ಷಣ ಮತ್ತು ಇಂದು ಮಾಡಬೇಕಾದ ಕೆಲಸ ಇರಲಿ. ಸರಿಯಾದ ಪುಟ ಸಿಗದಿದ್ದರೆ ರೈತರು ಅನಗತ್ಯ ಔಷಧಿಗೆ ಹಣ ಸುರಿಯುವರು ಎಂಬುದನ್ನು ಮರೆಯಬಾರದು. ಮೊಬೈಲ್ ಬಳಸದವರಿಗಾಗಿ ಕಿಸಾನ್ ಕಾಲ್ ಸೆಂಟರ್ ಸಂಖ್ಯೆ 1800-180-1551 ಅನ್ನು ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ ಬರೆಸಿ.

12. ವಹಿಸಬೇಕಾದ ಎಚ್ಚರಿಕೆಗಳು

• ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಹೆಸರನ್ನು ನಿಮ್ಮ ಮಾಲಿಗೆ ಇಡಬೇಡಿ. ಬ್ಯಾಡಗಿ ಮೆಣಸಿನಕಾಯಿಗೂ ಇದು ಅನ್ವಯ.
• ಪ್ರಮಾಣಪತ್ರವಿಲ್ಲದೆ ‘ಸಾವಯವ’ ಎಂದು ಬರೆಯಬೇಡಿ.
• ಪ್ಯಾಕೆಟ್ ಮಾಡಿದ ಬೇಳೆ, ಅಕ್ಕಿ, ಮೆಣಸಿನ ಪುಡಿ ಮಾರಲು ವಹಿವಾಟಿಗೆ ತಕ್ಕ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಬೇಕು. ಅದರ 14 ಅಂಕಿಯ ಸಂಖ್ಯೆಯನ್ನು ಪುಟದಲ್ಲಿಯೂ ಪ್ರಕಟಿಸಿ.
• ಸಗಟು ಮಾರಾಟಕ್ಕೆ ಅನ್ವಯಿಸುವ ನಿಯಮಗಳನ್ನು ಯಾದಗಿರಿ ಎಪಿಎಂಸಿಯಲ್ಲಿ ಮುಂಚಿತವಾಗಿ ವಿಚಾರಿಸಿ.
• ಸದಸ್ಯ ರೈತರ ಹೆಸರು, ಮೊಬೈಲ್ ಸಂಖ್ಯೆ, ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬೇಡಿ. ಆಧಾರ್, ಪಹಣಿ, ಬ್ಯಾಂಕ್ ವಿವರಗಳು ತಾಣದಲ್ಲಿ ಎಂದಿಗೂ ಇರಕೂಡದು.
• ತಾಣದಲ್ಲಿ ಸಂಖ್ಯೆ ಕಂಡು ಕರೆ ಮಾಡುವವರೆಲ್ಲ ಖರೀದಿದಾರರಲ್ಲ. ಹಣ ಪಡೆಯಲು ಪಿನ್ ಒತ್ತುವ ಅಗತ್ಯವಿಲ್ಲ. ‘ಮುಂಗಡ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ’ ಎಂದರೆ ಅದು ವಂಚನೆ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.
• ಖಾತೆಗೆ ಹಣ ಜಮೆಯಾದುದನ್ನು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳದೆ ಹೊಸಬರ ಲಾರಿಗೆ ಲೋಡು ಹತ್ತಿಸಬೇಡಿ.

ಕೊನೆಯದಾಗಿ

ಇವೆಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ಈ ವರ್ಷ ಒಂದು ಬೆಳೆ, ಒಂದು ಪುಟ, ಒಬ್ಬ ಜವಾಬ್ದಾರ ವ್ಯಕ್ತಿ ಎಂದು ಆರಂಭಿಸಿ. ಬರೆಯಲು ಬಲ್ಲ, ಹಂಗಾಮು ಬಲ್ಲ ಯುವಕರು ಅಥವಾ ಯುವತಿಯರು ಪ್ರತಿ ಊರಲ್ಲಿಯೂ ಇದ್ದಾರೆ. ವಾರಕ್ಕೆ ಎರಡು ಗಂಟೆ ಈ ಕೆಲಸಕ್ಕೆ ಮೀಸಲಿಟ್ಟು, ಅದಕ್ಕೆ ಗೌರವಧನ ಕೊಡಿ. ಬೆಳೆ ಮತ್ತು ಗುಣಮಟ್ಟದ ಬಗ್ಗೆ ಪುಟದಲ್ಲಿ ಬರೆಯುವ ಮಾಹಿತಿಯನ್ನು ಪರಿಶೀಲಿಸಿಕೊಳ್ಳಲು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ಪುಟದಲ್ಲಿ ಬರೆದ ತೇವಾಂಶ, ತೂಕ ಮತ್ತು ದಿನಾಂಕಗಳು ಲೋಡು ಇಳಿಸುವಾಗಲೂ ಸರಿಯಾಗಿಯೇ ಇದ್ದರೆ, ಮುಂದಿನ ಹಂಗಾಮಿನಲ್ಲಿ ಆ ಖರೀದಿದಾರನು ಹುಡುಕುವ ಅಗತ್ಯವೇ ಇರುವುದಿಲ್ಲ. ನೇರವಾಗಿ ನಿಮಗೇ ಕರೆ ಮಾಡುವನು.